ಬಾಯೊಳಗಿನ ಕಲಾಯಿ

ಹಲ್ಲಿಗೆ ಹಾಕಿಸಿದ ಕ್ಲಿಪ್ಪಿನಿಂದ ಲೋಹ ಸೋರುತ್ತದೆಯೇ? ಸೋರುತ್ತದೆ. ಎಷ್ಟು ಸೋರುತ್ತದೆ, ಅದರಿಂದ ಯಾರಿಗೆ ತೊಂದರೆ, ಕ್ಲಿಪ್ ಹಾಕಿಸುವ ಮೊದಲು ವೈದ್ಯರಿಗೆ ಹೇಳಲೇಬೇಕಾದ ಮಾತು ಯಾವುದು?

ಅಕ್ಕನ ಮಗಳಿಗೆ ಹದಿಮೂರು ವರ್ಷ. ಮೇಲಿನ ಸಾಲಿನ ಎರಡು ಹಲ್ಲು ಮುಂದಕ್ಕೆ ಬಂದಿವೆಯೆಂದು ಬೇಸಿಗೆ ರಜೆಯಲ್ಲಿ ಕ್ಲಿಪ್ ಹಾಕಿಸಿದರು. ಮೊದಲ ವಾರ ಎಲ್ಲರಿಗೂ ಇರುವ ನೋವು. ಮೆತ್ತಗಿನ ಅನ್ನ, ಗಂಜಿ, ಇಡ್ಲಿಯಲ್ಲಿ ದಿನ ಕಳೆಯಿತು. ಮೂರನೇ ವಾರದ ಹೊತ್ತಿಗೆ ತುಟಿಯ ಎರಡೂ ಮೂಲೆ ಕೆಂಪಾಗಿ ಬಿರಿದವು. ಒಸಡು ಊದಿತು. ಸಾರು ಬಾಯಿಗಿಟ್ಟರೆ ನಾಲಿಗೆ ಉರಿ. ಕ್ಲಿನಿಕ್ಕಿನಲ್ಲಿ ಒಂದು ನೋಟ ನೋಡಿ, ‘ಸರಿಯಾಗಿ ಬ್ರಷ್ ಮಾಡ್ತಿಲ್ಲ’ ಅಂದರು. ಹೊಸ ಬ್ರಷ್ ಬಂತು, ಮೌತ್‌ವಾಶ್ ಬಂತು. ಉರಿ ಹೋಗಲಿಲ್ಲ. ಅಷ್ಟರಲ್ಲಿ ಮೊಣಕೈ ಮಡಿಕೆಯಲ್ಲೂ ತುರಿಕೆ ಶುರುವಾಯಿತು. ಬಾಯಿಯ ಕಾಯಿಲೆ ಕೈಗೆ ಹೇಗೆ ಬಂತು ಎಂದು ದಿಗಿಲಾಗಿ ಚರ್ಮವೈದ್ಯರಲ್ಲಿಗೆ ಓಡಿದರು.

ಆ ವೈದ್ಯೆ ಬಾಯಿ ನೋಡುವ ಮೊದಲು ಹುಡುಗಿಯ ಕಿವಿ ನೋಡಿದರು. ‘ಗಿಲೀಟಿನ ಓಲೆ ಹಾಕಿದ್ರೆ ಏನಾಗುತ್ತೆ?’

ಅಕ್ಕ ಅಂದಳು: ‘ಅಯ್ಯೋ, ಇವಳಿಗೆ ಬಂಗಾರ ಬಿಟ್ಟು ಬೇರೆ ಯಾವುದೂ ಆಗಿಬರಲ್ಲ. ಎರಡೇ ದಿನಕ್ಕೆ ಕಿವಿ ಸೋರುತ್ತೆ.’

‘ಇದನ್ನ ಹಲ್ಲಿನ ಡಾಕ್ಟರಿಗೆ ಹೇಳಿದ್ರಾ?’

‘ಅವರು ಕೇಳಲಿಲ್ಲ. ಕಿವಿಗೂ ಹಲ್ಲಿಗೂ ಏನು ಸಂಬಂಧ ಅಂತ ನಾವೂ ಹೇಳಲಿಲ್ಲ.’

ಈ ಲೇಖನ ಆ ಸಂಬಂಧದ ಕುರಿತದ್ದು. ‘ಬಂಗಾರ ಬಿಟ್ಟು ಬೇರೆ ಆಗಿಬರಲ್ಲ’ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಹೆಂಗಸರು ಅರ್ಧ ಬೇಸರದಲ್ಲಿ, ಅರ್ಧ ಬಿಗುಮಾನದಲ್ಲಿ ಆಡುತ್ತಾರೆ. ಕೇಳಿದವರು ನಕ್ಕು ಸುಮ್ಮನಾಗುತ್ತಾರೆ. ವೈದ್ಯರ ಕಿವಿಗೆ ಬಿದ್ದರೆ ಅದೇ ಮಾತು ರೋಗಚರಿತ್ರೆ.

ಬಂಗಾರದಿಂದ ಉಕ್ಕಿಗೆ

ಹಲ್ಲು ನೇರ ಮಾಡುವ ತಂತಿ ಮೊದಲು ಬಂಗಾರದ್ದೇ ಆಗಿತ್ತು. ವಕ್ರದಂತ ಚಿಕಿತ್ಸೆಯನ್ನು ಒಂದು ಪ್ರತ್ಯೇಕ ಶಾಸ್ತ್ರವಾಗಿ ಕಟ್ಟಿದ ಅಮೆರಿಕದ ಎಡ್ವರ್ಡ್ ಆ್ಯಂಗಲ್ ಕಾಲದಲ್ಲಿ ಬಂಗಾರದ ಮಿಶ್ರಲೋಹ, ‘ಜರ್ಮನ್ ಸಿಲ್ವರ್’ ಎನ್ನುವ ತಾಮ್ರ-ನಿಕ್ಕಲ್-ಸತುವಿನ ಮಿಶ್ರಣ ಬಳಕೆಯಲ್ಲಿದ್ದವು. ಬಂಗಾರ ಮೆದು, ದುಬಾರಿ. ಆದರೆ ಬಾಯಿಯ ಹುಳಿಗೂ ಉಪ್ಪಿಗೂ ಜಗ್ಗದು. 1912-13ರ ಸುಮಾರಿಗೆ ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲೂ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿಯ ಕೈಯಲ್ಲೂ ತುಕ್ಕು ಹಿಡಿಯದ ಉಕ್ಕು ಹುಟ್ಟಿತು. ಬ್ರಿಯರ್ಲಿ ಹುಡುಕುತ್ತಿದ್ದುದು ಬಂದೂಕದ ನಳಿಗೆ ಸವೆಯದಂಥ ಉಕ್ಕನ್ನು. ಸಿಕ್ಕಿದ್ದು ಊಟದ ಚಾಕು, ಚಮಚದ ಉಕ್ಕು. 1930ರ ದಶಕದಲ್ಲಿ ಅದು ದಂತವೈದ್ಯರ ಮೇಜಿಗೂ ಬಂತು. ಗಟ್ಟಿ, ಅಗ್ಗ, ಹೊಳಪು. ಬಂಗಾರ ಮೆಲ್ಲಗೆ ಜಾಗ ಖಾಲಿ ಮಾಡಿತು.

ಇಂದು ಹಲ್ಲಿಗೆ ಅಂಟಿಸುವ ಲೋಹದ ಬ್ರ್ಯಾಕೆಟ್ಟುಗಳಲ್ಲಿ ಬಹುಪಾಲು ಇದೇ ಉಕ್ಕಿನವು. ಸರಿಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್, ಮಿಕ್ಕಿದ್ದು ಹೆಚ್ಚಾಗಿ ಕಬ್ಬಿಣ. ಪಾತ್ರೆ ಅಂಗಡಿಯಲ್ಲಿ ‘ತ್ರೀ ನಾಟ್ ಫೋರ್ ಸ್ಟೀಲು’ ಎಂದು ಕುಟ್ಟಿ ತೋರಿಸುತ್ತಾರಲ್ಲ, ಅದರದೇ ಬಳಗ. ಕಾಫಿ ಲೋಟವೂ ಅದನ್ನು ಹೀರುವ ಹುಡುಗಿಯ ಹಲ್ಲಿನ ಕ್ಲಿಪ್ಪೂ ಒಂದೇ ಮನೆತನದವು.

ತಂತಿಯ ಕಥೆ ಇನ್ನೂ ಸ್ವಾರಸ್ಯದ್ದು. 1959ರ ಸುಮಾರಿಗೆ ಅಮೆರಿಕದ ನೌಕಾಪಡೆಯ ಶಸ್ತ್ರಾಸ್ತ್ರ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಕ್ಷಿಪಣಿಯ ಮೂತಿಗೆಂದು ನಿಕ್ಕಲ್ ಮತ್ತು ಟೈಟೇನಿಯಂ ಬೆರೆಸಿ ನೋಡುತ್ತಿದ್ದ. 1961ರ ಒಂದು ಸಭೆಯಲ್ಲಿ ಬೀಸಣಿಗೆಯಂತೆ ಮಡಚಿದ ಆ ಲೋಹದ ಪಟ್ಟಿ ಕೈಯಿಂದ ಕೈಗೆ ಹೋಗುತ್ತಿದ್ದಾಗ ಒಬ್ಬರು ಸುಮ್ಮನೆ ಪೈಪ್ ಲೈಟರಿನ ಉರಿ ಹಿಡಿದರು. ಮಡಿಕೆಯೆಲ್ಲ ಬಿಚ್ಚಿ ಪಟ್ಟಿ ನೆಟ್ಟಗೆ ಚಾಚಿಕೊಂಡಿತು. ತನ್ನ ಹಳೆಯ ಆಕಾರವನ್ನು ನೆನಪಿಟ್ಟುಕೊಳ್ಳುವ ಲೋಹ! ನಿಕ್ಕಲ್, ಟೈಟೇನಿಯಂ ಮತ್ತು ಆ ಪ್ರಯೋಗಾಲಯದ ಮೊದಲಕ್ಷರಗಳು ಸೇರಿ ಅದರ ಹೆಸರು ‘ನಿಟಿನಾಲ್’ ಆಯಿತು. 1970ರ ದಶಕದ ಆರಂಭದಲ್ಲಿ ಅಯೋವಾ ವಿಶ್ವವಿದ್ಯಾಲಯದ ಜಾರ್ಜ್ ಆ್ಯಂಡ್ರಿಯಾಸನ್ ಅದನ್ನು ಹಲ್ಲಿನ ತಂತಿಯಾಗಿಸಿದರು. ಸೊಟ್ಟ ಹಲ್ಲಿಗೆ ಬಗ್ಗಿಸಿ ಕಟ್ಟಿದರೆ ತಂತಿ ತಾನು ನೆಟ್ಟಗಾಗಲು ತವಕಿಸುತ್ತದೆ. ತನ್ನ ಜೊತೆಗೆ ಹಲ್ಲನ್ನೂ ಎಳೆದುಕೊಂಡು ಹೋಗುತ್ತದೆ. ಇಂದು ಚಿಕಿತ್ಸೆಯ ಮೊದಲ ತಿಂಗಳುಗಳಲ್ಲಿ ಹೆಚ್ಚಿನವರ ಬಾಯಲ್ಲಿರುವುದು ಇದೇ. ತೂಕದಲ್ಲಿ ಅದರ ಅರ್ಧಕ್ಕಿಂತ ಹೆಚ್ಚು, ಸುಮಾರು 55 ಪಾಲು, ನಿಕ್ಕಲ್.

ತನ್ನ ಕಲಾಯಿ ತಾನೇ

ನಮ್ಮ ಅಜ್ಜಿ ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕುದಿಸುತ್ತಿರಲಿಲ್ಲ. ಕಲಾಯಿಯವನು ಊರಿಗೆ ಬಂದು, ಆಲದ ಮರದ ಬುಡದಲ್ಲಿ ತಿದಿ ಊದಿ, ನವಸಾಗರ ಎರಚಿ, ತವರದ ಬಿಳಿ ಹೊಳಪು ಬಳಿದುಕೊಟ್ಟ ಮೇಲೆಯೇ ಆ ಪಾತ್ರೆಗೆ ಹುಣಸೆಹಣ್ಣಿನ ಯೋಗ. ಇಲ್ಲವಾದರೆ ರಾತ್ರಿ ಬೆಳಗಾಗುವುದರಲ್ಲಿ ಸಾರಿಗೆ ಹಸಿರು ಕಿಲುಬು ಇಳಿಯುತ್ತಿತ್ತು. ಹುಳಿಗೂ ಲೋಹಕ್ಕೂ ನಡುವೆ ಒಂದು ತೆರೆ ಬೇಕು ಎಂಬುದು ಅವಳಿಗೆ ಗೊತ್ತಿದ್ದ ರಸಾಯನಶಾಸ್ತ್ರ.

ಸ್ಟೀಲು ತನ್ನ ಕಲಾಯಿಯನ್ನು ತಾನೇ ಹಾಕಿಕೊಳ್ಳುವ ಲೋಹ. ಅದರಲ್ಲಿರುವ ಕ್ರೋಮಿಯಂ ಗಾಳಿ ತಾಗಿದ ಕೂಡಲೇ ಆಮ್ಲಜನಕದೊಡನೆ ಸೇರಿ ಮೇಲ್ಮೈ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆಯಾಗುತ್ತದೆ. ಕೂದಲೆಳೆಯ ದಪ್ಪದ ಹತ್ತಾರು ಸಾವಿರದಲ್ಲೊಂದು ಪಾಲು. ಗೀರಿದರೆ ಮತ್ತೆ ಮೂಡುತ್ತದೆ. ನಿಟಿನಾಲ್ ತಂತಿಗೆ ಇದೇ ಕಾವಲನ್ನು ಟೈಟೇನಿಯಂ ಆಕ್ಸೈಡಿನ ಪೊರೆ ಕೊಡುತ್ತದೆ. ಆದ್ದರಿಂದಲೇ ಅರ್ಧಕ್ಕರ್ಧ ನಿಕ್ಕಲ್ ಇರುವ ತಂತಿ ಅರ್ಧಕ್ಕರ್ಧ ನಿಕ್ಕಲ್ ಸುರಿಸುವುದಿಲ್ಲ. ಲೋಹದಲ್ಲಿ ಎಷ್ಟಿದೆ ಎನ್ನುವುದೂ ಅದರಿಂದ ಎಷ್ಟು ಹೊರಬರುತ್ತದೆ ಎನ್ನುವುದೂ ಬೇರೆಬೇರೆ ಲೆಕ್ಕ.

ಆದರೆ ಬಾಯಿ ಅಡುಗೆಮನೆಯ ಶೆಲ್ಫಲ್ಲ. ಸದಾ ತೇವ, ಮೂವತ್ತೇಳು ಡಿಗ್ರಿ ಬಿಸಿ, ಜೊಲ್ಲಿನಲ್ಲಿ ಉಪ್ಪಿನ ಕ್ಲೋರೈಡು. ಕ್ಲೋರೈಡು ಆ ಪೊರೆಯಲ್ಲಿ ಸೂಜಿಮೊನೆಯಂಥ ತೂತು ಕೊರೆಯಬಲ್ಲದು. ಬ್ರ್ಯಾಕೆಟ್ಟಿನ ರೆಕ್ಕೆಯ ಕೆಳಗೆ, ಬಣ್ಣದ ರಬ್ಬರ್ ಉಂಗುರದ ಅಡಿಯಲ್ಲಿ ಕೂತ ಅನ್ನದಗುಳಿನಿಂದ ಬ್ಯಾಕ್ಟೀರಿಯಾಗಳು ಹುಳಿ ತಯಾರಿಸುತ್ತವೆ. ಸಂದಿಗೆ ಗಾಳಿ ಹೋಗುವುದಿಲ್ಲವಾದ್ದರಿಂದ ಅಲ್ಲಿ ಪೊರೆ ಮತ್ತೆ ಕಟ್ಟಿಕೊಳ್ಳುವುದು ತಡ. ತಂತಿ ಬ್ರ್ಯಾಕೆಟ್ಟಿನ ಸೀಳಿನಲ್ಲಿ ಜಾರುವಾಗ ಪೊರೆ ಉಜ್ಜಿಹೋಗುತ್ತದೆ. ಎರಡು ಬಗೆಯ ಲೋಹ ಒಂದೇ ಜೊಲ್ಲಿನಲ್ಲಿ ಮುಟ್ಟಿಕೊಂಡು ನಿಂತರೆ ಅದೊಂದು ಪುಟಾಣಿ ಬ್ಯಾಟರಿ. ಒಂದು ಲೋಹ ಕರಗುತ್ತಾ ಹೋಗುತ್ತದೆ. ಬೆಸುಗೆ ಹಾಕಿದ ಉಪಕರಣಗಳಲ್ಲಿ ಬೆಳ್ಳಿ, ತಾಮ್ರ, ಸತುವಿನ ಬೆಸುಗೆಯ ಜಾಗವೇ ಮೊದಲು ಕಪ್ಪಾಗುವುದು ಇದಕ್ಕೇ. ಹೀಗೆ ಲೋಹದಿಂದ ಬಿಡಿಸಿಕೊಂಡು ಜೊಲ್ಲಿಗಿಳಿಯುವ ವಿದ್ಯುದಂಶವುಳ್ಳ ಪರಮಾಣುಗಳೇ ಅಯಾನುಗಳು.

ತಿಂಗಳುಗಟ್ಟಲೆ ಬಾಯಲ್ಲಿದ್ದು ತೆಗೆದ ತಂತಿಯನ್ನು ಒಮ್ಮೆ ಸೂಕ್ಷ್ಮದರ್ಶಕದಡಿ ನೋಡಿದ್ದೇನೆ. ಬರಿಗಣ್ಣಿಗೆ ಹೊಳಪು ಸ್ವಲ್ಪ ಮಂಕಾಗಿತ್ತು, ಅಷ್ಟೆ. ಮಸೂರದಡಿ ಮೊದಲ ಮಳೆ ಬಿದ್ದ ಮಣ್ಣಿನ ಅಂಗಳದಂತೆ ಕುಳಿ ಕುಳಿ. ಬ್ರ್ಯಾಕೆಟ್ ಉಜ್ಜಿದಲ್ಲಿ ಉದ್ದುದ್ದ ಗೀರು.

ಬಾಯಿಗೆ ಬರುವ ಇನ್ನೊಬ್ಬ ಅತಿಥಿ ಫ್ಲೋರೈಡು. ಹುಳುಕು ತಡೆಯಲು ಕ್ಲಿನಿಕ್ಕಿನಲ್ಲಿ ಹಚ್ಚುವ ಆಮ್ಲೀಯ ಫ್ಲೋರೈಡ್ ಜೆಲ್ಲಿನಲ್ಲಿ ಅದರ ಪ್ರಮಾಣ 12,300 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಅಷ್ಟು ಪಾಲು. ಹುಳಿಯೂ ಫ್ಲೋರೈಡೂ ಒಟ್ಟಿಗೆ ಬಂದರೆ ಟೈಟೇನಿಯಂ ಪೊರೆ ಕರಗುತ್ತದೆ, ತಂತಿ ಬಲ ಕಳೆದುಕೊಳ್ಳುತ್ತದೆ. ಕ್ಲಿಪ್ ಇರುವವರಿಗೆ ಇಂಥ ಜೆಲ್ ಹಚ್ಚುವಾಗ ವೈದ್ಯರು ಎಚ್ಚರ ವಹಿಸುವುದು ಅದಕ್ಕೆ. ಹಾಗೆಂದು ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಕೊಳವೆಬಾವಿ ನೀರು ಕುಡಿಯುವವರು ತಂತಿ ಕರಗೀತೆಂದು ಹೆದರಬೇಕಿಲ್ಲ. ಅಲ್ಲಿನ ನೀರಿನಲ್ಲಿ ಫ್ಲೋರೈಡು ಲೀಟರಿಗೆ ಕೆಲವು ಮಿಲಿಗ್ರಾಂ ಲೆಕ್ಕದ್ದು. ಎಲುಬಿಗೂ ಹಲ್ಲಿಗೂ ಅದು ಕೇಡು, ತಂತಿಯನ್ನು ತಿನ್ನುವಷ್ಟಿಲ್ಲ. ಆ ಸೀಮೆಯ ಕಂದುಗೆರೆಯ ಹಲ್ಲುಗಳ ಮೇಲೆ ಬ್ರ್ಯಾಕೆಟ್ಟು ಗಟ್ಟಿಯಾಗಿ ಅಂಟುವುದಿಲ್ಲ ಎಂಬುದು ಬೇರೆ ತಾಪತ್ರಯ. ದಿನನಿತ್ಯದ ಪೇಸ್ಟನ್ನೂ ಬಿಡಬೇಕಿಲ್ಲ. ಬಿಟ್ಟರೆ ತಂತಿ ಉಳಿದು ಹಲ್ಲು ಹುಳುಕಾದೀತು.

ಸೋರುವುದು ಎಷ್ಟು?

1983ರಲ್ಲಿ ಪಾರ್ಕ್ ಮತ್ತು ಶಿಯರರ್ ಎಂಬ ಇಬ್ಬರು ಸಂಶೋಧಕರು ಇಡೀ ಬಾಯಿಗಾಗುವಷ್ಟು ಕ್ಲಿಪ್ಪಿನ ಸಾಮಗ್ರಿಯನ್ನು ಉಪ್ಪುನೀರಿನಲ್ಲಿ ನೆನೆಹಾಕಿ ಅಳೆದರು. ದಿನಕ್ಕೆ ಸರಾಸರಿ 40 ಮೈಕ್ರೋಗ್ರಾಂ ನಿಕ್ಕಲ್, 36 ಮೈಕ್ರೋಗ್ರಾಂ ಕ್ರೋಮಿಯಂ. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಸಾಮಾನ್ಯ ಊಟದಿಂದ ನಮ್ಮ ಹೊಟ್ಟೆಗೆ ಹೋಗುವ ನಿಕ್ಕಲ್ ದಿನಕ್ಕೆ ಸುಮಾರು 100ರಿಂದ 300 ಮೈಕ್ರೋಗ್ರಾಂ. ಬೇಳೆಕಾಳು, ಗೋಡಂಬಿ, ಸೋಯಾ, ಓಟ್ಸ್, ಚಾಕೊಲೇಟಿನ ಕೋಕೋ, ಇವೆಲ್ಲ ನಿಕ್ಕಲ್ ಹೆಚ್ಚಿರುವ ತಿನಿಸುಗಳು.

ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆ 2020ರಲ್ಲಿ ಹಾಕಿಕೊಟ್ಟ ಮಿತಿ ದೇಹತೂಕದ ಕಿಲೋಗೆ ದಿನಕ್ಕೆ 13 ಮೈಕ್ರೋಗ್ರಾಂ. 40 ಕಿಲೋ ತೂಗುವ ಹುಡುಗಿಗೆ ಅದು 520 ಆಯಿತು. ಕ್ಲಿಪ್ಪಿನ ನಲವತ್ತು ಅದರ ಹದಿಮೂರರಲ್ಲೊಂದು ಪಾಲು. ಹುಳಿ ಬಿದ್ದ ಸ್ಟೀಲ್ ಪಾತ್ರೆಯ ಲೆಕ್ಕವನ್ನೂ ಪಕ್ಕಕ್ಕಿಟ್ಟು ನೋಡಬಹುದು. ಅಮೆರಿಕದ ಆರೆಗಾನಿನ ಸಂಶೋಧಕರು 2013ರಲ್ಲಿ ಟೊಮೆಟೊ ಸಾಸನ್ನು ಸ್ಟೀಲಿನಲ್ಲಿ ಗಂಟೆಗಟ್ಟಲೆ ಕುದಿಸಿ ನೋಡಿದರು. ಹೊಸ ಲೋಹ ಮೊದಮೊದಲು ಬಹಳ ಬಿಡುತ್ತದೆ. ಹತ್ತು ಸಲ ಬೇಯಿಸಿ ಪಳಗಿದ ಮೇಲೂ ಒಂದು ಬಡಿಸಣಿಕೆಗೆ 88 ಮೈಕ್ರೋಗ್ರಾಂ ನಿಕ್ಕಲ್ ಇಳಿಯಿತು. ಅದು ಹೊತ್ತುಗಟ್ಟಲೆ ಕುದಿಸಿದ ಪ್ರಯೋಗ, ನಮ್ಮ ಸಾರು ಅಷ್ಟು ಹೊತ್ತು ಕುದಿಯುವುದಿಲ್ಲ. ಆದರೂ ಪಾತ್ರೆಯೂ ಕ್ಲಿಪ್ಪೂ ಒಂದೇ ಮನೆತನದವು ಎಂದು ಮರೆಯಬಾರದು.

ಕ್ಲಿಪ್ಪಿನದೂ ಹೊಸ ಪಾತ್ರೆಯ ಗುಣವೇ. 1993ರಲ್ಲಿ ಅಯೋವಾದ ಬಿಶಾರಾ, ಬ್ಯಾರೆಟ್ ಮತ್ತು ಸಂಗಡಿಗರು ಕಂಡಂತೆ ನಿಕ್ಕಲ್ ಸೋರುವಿಕೆ ಮೊದಲ ವಾರದಲ್ಲಿ ಶಿಖರ ಮುಟ್ಟಿ ಆಮೇಲೆ ಇಳಿಯುತ್ತದೆ. ಜರ್ಮನಿಯ ರೋಗಿಗಳ ಜೊಲ್ಲು ಪರೀಕ್ಷಿಸಿದ ಅಧ್ಯಯನವೊಂದರಲ್ಲಿ ಚಿಕಿತ್ಸೆಗೆ ಮುಂಚೆ ಲೀಟರಿಗೆ 34 ಮೈಕ್ರೋಗ್ರಾಂ ಇದ್ದ ನಿಕ್ಕಲ್ ಬ್ರ್ಯಾಕೆಟ್ ಹಾಕಿದೊಡನೆ 78ಕ್ಕೆ ಏರಿ, ಮುಂದೆ ತಂತಿ ಹಾಕಿದಾಗ 56 ಆಗಿತ್ತು. ರಕ್ತದಲ್ಲಿ? ಅಯೋವಾದ ಅದೇ ತಂಡ ನಾಲ್ಕೈದು ತಿಂಗಳು ರಕ್ತ ತೆಗೆದು ನೋಡಿತು. ನಿಕ್ಕಲ್ ಗಮನಾರ್ಹವಾಗಿ ಏರಿರಲಿಲ್ಲ. ನುಂಗಿದ ನಿಕ್ಕಲ್ಲಿನಲ್ಲಿ ಊಟದ ಜೊತೆ ಹೋದದ್ದು ನೂರಕ್ಕೆ ಒಂದು ಪಾಲಿನಷ್ಟೂ ರಕ್ತಕ್ಕೆ ಸೇರುವುದಿಲ್ಲ. ಬರಿಹೊಟ್ಟೆಯಲ್ಲಿ ನೀರಿನೊಡನೆ ಹೋದರೆ ಕಾಲು ಭಾಗದವರೆಗೂ ಸೇರುತ್ತದೆ. ಸೇರಿದ್ದು ಮೂತ್ರದಲ್ಲಿ ಹೊರಹೋಗುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರು ಆ ಮಾತನ್ನು ದಂತವೈದ್ಯರಿಗೆ ಮೊದಲೇ ತಿಳಿಸುವುದು ಲೇಸು.

ಹಾಗಾದರೆ ನಲವತ್ತು ಮೈಕ್ರೋಗ್ರಾಮಿಗೆ ಅಕ್ಕನ ಮಗಳ ತುಟಿ ಬಿರಿದದ್ದೇಕೆ? ವಿಷದ ಲೆಕ್ಕಕ್ಕೂ ಅಲರ್ಜಿಯ ಲೆಕ್ಕಕ್ಕೂ ತಕ್ಕಡಿ ಬೇರೆ. ವಿಷಕ್ಕೆ ಪ್ರಮಾಣ ಮುಖ್ಯ. ಅಲರ್ಜಿಗೆ ಪರಿಚಯ ಮುಖ್ಯ.

ಮೊದಲು ಕಿವಿಯೋ, ಹಲ್ಲೋ?

ನಿಕ್ಕಲ್ ಎಂಬ ಹೆಸರೇ ಒಂದು ಬೈಗುಳ. ಜರ್ಮನಿಯ ಗಣಿಗಾರರಿಗೆ ತಾಮ್ರದಂತೆ ಕೆಂಪಗೆ ಕಾಣುತ್ತಿದ್ದ ಒಂದು ಅದಿರು ಎಷ್ಟು ಕಾಸಿದರೂ ತಾಮ್ರ ಕೊಡುತ್ತಿರಲಿಲ್ಲ. ಗಣಿಯ ಕುಚೇಷ್ಟೆಯ ದೆವ್ವದ ಕೆಲಸವಿದು ಎಂದು ಅದನ್ನು ‘ಕುಪ್ಫರ್‌ನಿಕೆಲ್’ ಎಂದರು, ತಾಮ್ರದ ದೆವ್ವ. 1751ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಅದರಿಂದ ಹೊಸ ಲೋಹವನ್ನು ಬೇರ್ಪಡಿಸಿದಾಗ ಬೈಗುಳದ ಬಾಲವೇ ಹೆಸರಾಗಿ ನಿಂತಿತು.

ದೆವ್ವ ಇಂದು ಹೊಕ್ಕಿರುವುದು ಕಿವಿಯ ತೂತಿನಲ್ಲಿ. ಅಗ್ಗದ ಓಲೆ, ಜೀನ್ಸಿನ ಗುಂಡಿ, ವಾಚಿನ ಪಟ್ಟಿಯ ಹಿಂಬದಿ, ರೋಲ್ಡ್‌ಗೋಲ್ಡ್ ಸರ, ಇವುಗಳ ಲೇಪದಡಿ ನಿಕ್ಕಲ್ ಇರುತ್ತದೆ. ಬೆವರು ಅದನ್ನು ಕರಗಿಸುತ್ತದೆ. ಅಯಾನುಗಳು ಚರ್ಮದೊಳಗಿನ ಪ್ರೋಟೀನಿಗೆ ಅಂಟಿಕೊಂಡಾಗ ಕಾವಲಿನ ಟಿ-ಕೋಶಗಳು ಅದನ್ನು ಶತ್ರುವೆಂದು ಬರೆದಿಟ್ಟುಕೊಳ್ಳುತ್ತವೆ. ಒಮ್ಮೆ ಬರೆದದ್ದು ಸಾಮಾನ್ಯವಾಗಿ ಅಳಿಸುವುದಿಲ್ಲ. ಮುಂದೆ ಅದೇ ಲೋಹ ಎಲ್ಲಿ ತಾಗಿದರೂ ಒಂದೆರಡು ದಿನದಲ್ಲಿ ಕೆಂಪು, ನೀರುಗುಳ್ಳೆ, ತುರಿಕೆ. ತಾಗಿದ ಜಾಗ ಬಾಯಾದರೂ ಗುರುತು ಮೊಣಕೈಯಲ್ಲಿ ಏಳಬಹುದು. ಕಾವಲುಗಾರರು ದೇಹವಿಡೀ ಸುತ್ತುವವರಲ್ಲವೇ?

ಡೆನ್ಮಾರ್ಕ್ 1990ರಲ್ಲೇ ಒಡವೆಗಳ ನಿಕ್ಕಲ್ ಸೋರಿಕೆಗೆ ಕಡಿವಾಣ ಹಾಕಿತು. 1994ರಲ್ಲಿ ಯೂರೋಪ್ ಒಕ್ಕೂಟ ಅದನ್ನೇ ಹಿಡಿಯಿತು: ಚರ್ಮಕ್ಕೆ ತಾಗಿಕೊಂಡಿರುವ ವಸ್ತು ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ ಅರ್ಧ ಮೈಕ್ರೋಗ್ರಾಮಿಗಿಂತ ಹೆಚ್ಚು ನಿಕ್ಕಲ್ ಬಿಡಬಾರದು. ನಮ್ಮ ಜಾತ್ರೆಯ ಬಳೆ-ಓಲೆ ಸಾಲಿನಲ್ಲಿ ಇಂಥ ಅಳತೆಗೋಲು ಹಿಡಿದು ನಿಂತವರನ್ನು ನಾನು ಕಂಡಿಲ್ಲ.

ಈಗ ಫಿನ್ಲೆಂಡಿನ ಒಂದು ಅಧ್ಯಯನ. ಕೆರೋಸುವೊ ಮತ್ತು ಸಂಗಡಿಗರು 1996ರಲ್ಲಿ 14ರಿಂದ 18 ವಯಸ್ಸಿನ 700 ಮಕ್ಕಳನ್ನು ಪರೀಕ್ಷಿಸಿದರು. ಹುಡುಗಿಯರಲ್ಲಿ ಶೇಕಡಾ 30 ಮಂದಿಗೆ ನಿಕ್ಕಲ್ ಅಲರ್ಜಿ, ಹುಡುಗರಲ್ಲಿ ಬರೀ 3. ವ್ಯತ್ಯಾಸದ ಗುಟ್ಟು ಕಿವಿಯ ತೂತು. ಅದಕ್ಕಿಂತ ಅಚ್ಚರಿಯದು ಇನ್ನೊಂದು. ಕಿವಿ ಚುಚ್ಚಿಸಿ ಆಮೇಲೆ ಕ್ಲಿಪ್ ಹಾಕಿಸಿಕೊಂಡ ಹುಡುಗಿಯರಲ್ಲಿ ಶೇಕಡಾ 35 ಮಂದಿಗೆ ಅಲರ್ಜಿ ಇತ್ತು. ಮೊದಲು ಕ್ಲಿಪ್ ಹಾಕಿಸಿ ಆಮೇಲೆ ಕಿವಿ ಚುಚ್ಚಿಸಿಕೊಂಡವರಲ್ಲಿ ಒಬ್ಬಳಿಗೂ ಇರಲಿಲ್ಲ. ಬಾಯಿಯ ಮೂಲಕ ಅಷ್ಟಷ್ಟೇ ಪರಿಚಯವಾದರೆ ದೇಹ ಅದನ್ನು ಊಟದ ನೆಂಟನೆಂದು ಒಪ್ಪಿಕೊಳ್ಳುತ್ತದೆ, ಗಾಯದ ಮೂಲಕ ನುಗ್ಗಿದರೆ ಕಳ್ಳನೆಂದು ಹಿಡಿಯುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಆಮೇಲಿನ ಎಲ್ಲ ಅಧ್ಯಯನಗಳಲ್ಲೂ ಈ ರಕ್ಷಣೆ ಇಷ್ಟು ಢಾಳಾಗಿ ಕಂಡಿಲ್ಲ. ಆದರೂ ಮೊದಲು ಕಿವಿಯೋ ಹಲ್ಲೋ ಎಂಬ ಪ್ರಶ್ನೆ ನಿಂತಿದೆ.

ನಮ್ಮಲ್ಲಿ ಆ ಪ್ರಶ್ನೆಗೆ ಉತ್ತರ ತೊಟ್ಟಿಲಲ್ಲೇ ನಿರ್ಧಾರವಾಗಿರುತ್ತದೆ. ಮಗುವಿಗೆ ವರ್ಷ ತುಂಬುವುದರೊಳಗೆ ಕಿವಿ ಚುಚ್ಚುವ ಶಾಸ್ತ್ರ. ಅನೇಕ ಮನೆಗಳಲ್ಲಿ ಗಂಡುಮಗುವಿಗೂ. ಅಕ್ಕಸಾಲಿ ಬಂಗಾರದ ಎಳೆಯಿಂದ ಚುಚ್ಚಿದರೆ ಅಪಾಯ ಕಡಿಮೆ. ಹೈಸ್ಕೂಲು ಮುಟ್ಟುವ ಹೊತ್ತಿಗೆ ಬಂಗಾರ ಬೀರು ಸೇರಿ, ದಿನಕ್ಕೊಂದು ಬಣ್ಣದ ಜುಮುಕಿ ಬರುತ್ತದೆ. ಕ್ಲಿಪ್ಪಿನ ವಯಸ್ಸೂ ಅದೇ. ಫಿನ್ಲೆಂಡಿನ ಹುಡುಗಿಗೆ ಸಿಕ್ಕ ಅನುಕೂಲ ನಮ್ಮವಳಿಗೆ ಸಿಗುವಂತಿಲ್ಲ. ಹಾಗಾಗಿ ಓಲೆಯ ಪ್ರಶ್ನೆಯನ್ನು ನಮ್ಮ ದಂತವೈದ್ಯರು ಯೂರೋಪಿನವರಿಗಿಂತ ಹೆಚ್ಚು ಶ್ರದ್ಧೆಯಿಂದ ಕೇಳಬೇಕು.

ಅಲರ್ಜಿ ಇರುವವರೆಲ್ಲರಿಗೂ ಕ್ಲಿಪ್ ಆಗಿಬರುವುದಿಲ್ಲ ಎಂದೇನೂ ಇಲ್ಲ. ಬಾಯಿಯ ಒಳಚರ್ಮ ಕೆರಳಬೇಕಾದರೆ ಹೊರಚರ್ಮಕ್ಕಿಂತ ಹಲವು ಪಟ್ಟು ನಿಕ್ಕಲ್ ಬೇಕು. ಜೊಲ್ಲು ಸದಾ ತೊಳೆಯುತ್ತಿರುತ್ತದೆ. ಓಲೆ ಆಗದ ಎಷ್ಟೋ ಮಂದಿ ಉಕ್ಕಿನ ಕ್ಲಿಪ್ ಹಾಕಿಕೊಂಡು ಆರಾಮಾಗಿ ಎರಡು ವರ್ಷ ಕಳೆಯುತ್ತಾರೆ. ತೊಂದರೆಯಾಗುವುದು ಕೆಲವರಿಗೆ. ಊದಿದ ಒಸಡಿಗೆ ಹೆಚ್ಚಿನ ಸಲ ಕಾರಣ ಕೊಳಕೇ ಆಗಿರುವುದರಿಂದ ಆ ಕೆಲವರ ದೂರು ‘ಬ್ರಷ್ ಮಾಡ್ತಿಲ್ಲ’ದ ಅಡಿಯಲ್ಲಿ ಹೂತುಹೋಗುತ್ತದೆ.

ಅಕ್ಕನ ಮಗಳ ಬೆನ್ನಿಗೆ ಪ್ಯಾಚ್ ಟೆಸ್ಟ್ ಮಾಡಿದರು. ನಾಣ್ಯಕ್ಕಿಂತ ಚಿಕ್ಕ ಬಟ್ಟಲುಗಳ ಸಾಲು, ಒಂದೊಂದರಲ್ಲಿ ಒಂದೊಂದು ಪದಾರ್ಥ. ನಿಕ್ಕಲ್ ಸಲ್ಫೇಟು ಶೇಕಡಾ 5. ಎರಡು ದಿನ ಬೆನ್ನಿಗೆ ನೀರು ತಾಗಿಸುವಂತಿಲ್ಲ. ಪಟ್ಟಿ ಕಿತ್ತಾಗ ಒಂದೇ ಒಂದು ಬಟ್ಟಲಿನ ಜಾಗ ಕೆಂಪಾಗಿತ್ತು. ನಾಲ್ಕನೆಯ ದಿನ ಅದರ ಮೇಲೆ ಸಣ್ಣ ಗುಳ್ಳೆಗಳು. ಚರ್ಮವೈದ್ಯೆಯ ಚೀಟಿ ಹಿಡಿದುಕೊಂಡು ಹೋದ ಮೇಲೆ ನಿಟಿನಾಲ್ ತಂತಿ ತೆಗೆದು ನಿಕ್ಕಲ್ ಇಲ್ಲದ ಬೀಟಾ-ಟೈಟೇನಿಯಂ ತಂತಿ ಹಾಕಿದರು. ಉಕ್ಕಿನ ಬ್ರ್ಯಾಕೆಟ್ಟುಗಳನ್ನು ಹಾಗೇ ಬಿಟ್ಟು ನೋಡೋಣ ಎಂದರು. ಮೂರು ವಾರದಲ್ಲಿ ತುಟಿ ಮಾಯ್ದಿತು.

ಕ್ಯಾನ್ಸರ್ ಎಂಬ ಹೆದರಿಕೆ

ನಿಕ್ಕಲ್ ಎಂದು ಮೊಬೈಲಿನಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವ ಮಾತು ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ನಿಕ್ಕಲ್ ಸಂಯುಕ್ತಗಳನ್ನೂ ಆರು-ವೇಲೆನ್ಸಿಯ ಕ್ರೋಮಿಯಮ್ಮನ್ನೂ ಮೊದಲ ಗುಂಪಿನಲ್ಲಿ ಇಟ್ಟಿರುವುದು ನಿಜ. ಆ ತೀರ್ಮಾನದ ಹಿಂದಿರುವುದು ಶುದ್ಧೀಕರಣ ಕಾರ್ಖಾನೆಗಳಲ್ಲಿ, ಬೆಸುಗೆ ಮತ್ತು ಲೇಪನದ ಅಂಗಡಿಗಳಲ್ಲಿ ವರ್ಷಗಟ್ಟಲೆ ದೂಳು-ಹೊಗೆ ಉಸಿರಾಡಿದ ಕಾರ್ಮಿಕರ ಮೂಗು ಮತ್ತು ಶ್ವಾಸಕೋಶದ ಕ್ಯಾನ್ಸರ್. ಉಸಿರಿನ ದಾರಿಯೇ ಬೇರೆ, ನುಂಗುವ ದಾರಿಯೇ ಬೇರೆ. ಉಕ್ಕಿನಿಂದ ಜೊಲ್ಲಿಗಿಳಿಯುವ ಕ್ರೋಮಿಯಂ ಮುಖ್ಯವಾಗಿ ಮೂರು-ವೇಲೆನ್ಸಿಯದು. ಅದು ಆ ಗುಂಪಿನಲ್ಲಿಲ್ಲ. ಕ್ಲಿಪ್ ಹಾಕಿಸಿಕೊಂಡದ್ದರಿಂದ ಕ್ಯಾನ್ಸರ್ ಬಂದಿತೆಂದು ತೋರಿಸಿದ ಅಧ್ಯಯನವಿಲ್ಲ.

ಆದರೆ ಎಲ್ಲವನ್ನೂ ತಳ್ಳಿಹಾಕುವಂತೆಯೂ ಇಲ್ಲ. ಇಟಲಿಯ ಫಚ್ಚೋನಿ ಮತ್ತು ಸಂಗಡಿಗರು 2003ರಲ್ಲಿ ಕ್ಲಿಪ್ ಇದ್ದವರ ಕೆನ್ನೆಯ ಒಳಬದಿಯ ಕೋಶಗಳಲ್ಲಿ ನಿಕ್ಕಲ್ 3.4 ಪಟ್ಟು, ಕೋಬಾಲ್ಟ್ 2.8 ಪಟ್ಟು ಹೆಚ್ಚಿರುವುದನ್ನೂ ಡಿಎನ್‌ಎ ಎಳೆಗಳಿಗೆ ಪೆಟ್ಟಾದ ಗುರುತುಗಳನ್ನೂ ಕಂಡರು. ಬೇರೆ ಕೆಲವು ಅಧ್ಯಯನಗಳಲ್ಲಿ ಇಂಥ ವ್ಯತ್ಯಾಸ ಸಿಕ್ಕಿಲ್ಲ. ಕೆನ್ನೆಯ ಕೋಶಗಳು ಕೆಲವೇ ವಾರಗಳಲ್ಲಿ ಉದುರಿ ಹೊಸವು ಬರುತ್ತವೆ. ಹಾಗಾಗಿ ಇದು ರೋಗದ ಸುದ್ದಿಯಲ್ಲ. ಬೇಕಿಲ್ಲದ ಲೋಹ ಬೇಕಿಲ್ಲದಷ್ಟು ಕಾಲ ಬಾಯಲ್ಲಿರಬಾರದು ಎಂಬುದಕ್ಕೆ ಮಾತ್ರ ಸಾಕಷ್ಟು ಕಾರಣ. ತಿಂಗಳ ಭೇಟಿ ತಪ್ಪಿಸುತ್ತಾ ಒಂದೂವರೆ ವರ್ಷದ ಚಿಕಿತ್ಸೆಯನ್ನು ಮೂರು ವರ್ಷಕ್ಕೆ ಎಳೆಯುವ ಮನೆಗಳು ಇದನ್ನು ಗಮನಿಸಬೇಕು.

‘ಮೆಟಲ್ ಬೇಡ, ಬಿಳಿದು ಹಾಕಿ’

ಸಮಸ್ಯೆ ಲೋಹದ್ದಾದರೆ ಬಿಳಿ ಸೆರಾಮಿಕ್ ಹಾಕಿಸಿದರಾಯಿತು ಎಂದು ತೋರುವುದು ಸಹಜ. ಸೆರಾಮಿಕ್ ಬ್ರ್ಯಾಕೆಟ್ ಅಲ್ಯೂಮಿನಾದಿಂದ ಮಾಡಿದ್ದು, ನಿಕ್ಕಲ್ ಇಲ್ಲ. ಆದರೆ ಅದರ ಸೀಳಿನಲ್ಲಿ ಕೂರುವ ತಂತಿ? ಹೆಚ್ಚಿನ ಬಾಯಿಗಳಲ್ಲಿ ಅದೇ ನಿಟಿನಾಲ್. ದುಬಾರಿ ಬ್ರ್ಯಾಕೆಟ್ಟಿಗೆ ದುಡ್ಡು ಕೊಟ್ಟೂ ನಿಕ್ಕಲ್ಲಿನ ಒಂದು ಮೂಲ ಹಾಗೇ ಉಳಿಯುತ್ತದೆ. ಕೆಲವು ಸೆರಾಮಿಕ್ ಬ್ರ್ಯಾಕೆಟ್ಟುಗಳ ಸೀಳಿಗೆ ಲೋಹದ ಒಳಪಟ್ಟಿಯೂ ಇರುತ್ತದೆ. ಬಿಳಿ ಲೇಪದ ತಂತಿ ಕೆಲವು ವಾರದಲ್ಲಿ ಗೋಡೆಯ ಸುಣ್ಣದಂತೆ ಚಕ್ಕೆಯೆದ್ದು ಒಳಗಿನ ಲೋಹ ಇಣುಕುತ್ತದೆ. ಪೂರ್ತಿ ಟೈಟೇನಿಯಮ್ಮಿನ ಬ್ರ್ಯಾಕೆಟ್ಟುಗಳಿವೆ. ನಿಕ್ಕಲ್ಲಿಲ್ಲದ ಬೀಟಾ-ಟೈಟೇನಿಯಂ ತಂತಿ ಚಾರ್ಲ್ಸ್ ಬರ್ಸ್‌ಟೋನ್ ಅವರ ಕೊಡುಗೆಯಾಗಿ 1980ರ ಹೊತ್ತಿನಿಂದ ಇದೆ. ತೆಗೆದು ಹಾಕುವ ಪಾರದರ್ಶಕ ಅಲೈನರುಗಳಲ್ಲಿ ಲೋಹವೇ ಇಲ್ಲ. ಆದರೆ ಎಲ್ಲ ಬಗೆಯ ವಕ್ರತೆಗೂ ಅವು ಸಾಲುವುದಿಲ್ಲ, ಜೇಬಿಗೂ ಭಾರ. ದಾರಿಗಳಿವೆ. ಯಾವ ದಾರಿ ಎನ್ನುವುದನ್ನು ಬಣ್ಣ ನೋಡಿ ಆರಿಸುವಂತಿಲ್ಲ.

ಇನ್ನೊಬ್ಬರ ಬಾಯಿಂದ ಬಂದದ್ದು

ರೋಗಿಯ ಕಣ್ಣಿಗೆ ಬೀಳದ ಇನ್ನೊಂದು ಸಂಗತಿ ಮರುಬಳಕೆ. ಹಲ್ಲಿನಿಂದ ಕಳಚಿದ ಬ್ರ್ಯಾಕೆಟ್ಟನ್ನು ಉರಿಯಲ್ಲಿ ಕಾಸಿ, ಅಂಟು ಸುಟ್ಟು, ಉಜ್ಜಿ ಮತ್ತೆ ಅಂಟಿಸುವ ರೂಢಿ ಜಗತ್ತಿನಾದ್ಯಂತ ಇತ್ತು. ಕಾಸಿದಾಗ ಉಕ್ಕಿನೊಳಗಿನ ಕ್ರೋಮಿಯಂ ಇಂಗಾಲದೊಡನೆ ಸೇರಿ ಹರಳುಗಳ ಅಂಚಿನಲ್ಲಿ ಗಂಟುಕಟ್ಟುತ್ತದೆ. ಪೊರೆ ಕಟ್ಟಲು ಬೇಕಾದ ಕ್ರೋಮಿಯಂ ಪಕ್ಕದಲ್ಲಿ ಖಾಲಿಯಾಗುತ್ತದೆ. ಕಲಾಯಿ ಹೋದ ಪಾತ್ರೆ! ಇಂಥ ಬ್ರ್ಯಾಕೆಟ್ ಹೊಸದಕ್ಕಿಂತ ಹೆಚ್ಚು ಅಯಾನು ಬಿಡುವುದು ಪ್ರಯೋಗಾಲಯಗಳಲ್ಲಿ ಕಂಡಿದೆ. ಒಂದೇ ಬಳಕೆಯ ಸಾಮಗ್ರಿಯ ಪೊಟ್ಟಣದ ಮೇಲೆ ವೃತ್ತದೊಳಗೆ 2 ಎಂಬ ಅಂಕಿಯೂ ಅದರ ಮೇಲೆ ಅಡ್ಡಗೆರೆಯೂ ಇರುತ್ತದೆ. ಎರಡನೇ ಸಲ ಬಳಸಬೇಡಿ ಎಂಬುದೇ ಅದರ ಅರ್ಥ.

ವೈದ್ಯಕೀಯ ಉಪಕರಣಗಳ ನಿಯಮಗಳು ನಮ್ಮಲ್ಲಿ 2017ರಲ್ಲಿ ಬಂದವು. 2018ರ ಜನವರಿಯಿಂದ ಜಾರಿ. 2020ರ ಏಪ್ರಿಲಿನಿಂದ ಎಲ್ಲ ವೈದ್ಯಕೀಯ ಉಪಕರಣಗಳೂ ಔಷಧ ಕಾಯ್ದೆಯ ಕಣ್ಗಾವಲಿಗೆ ಬಂದಿವೆ. ತಯಾರಕರ ಹೆಸರು, ಬ್ಯಾಚ್ ಸಂಖ್ಯೆ ಪೊಟ್ಟಣದ ಮೇಲಿರಬೇಕು. ಉಪಕರಣದಿಂದ ತೊಂದರೆಯಾದರೆ ದಾಖಲಿಸಲು 2015ರಲ್ಲಿ ಶುರುವಾದ ‘ಮೆಟೀರಿಯೋ ವಿಜಿಲೆನ್ಸ್’ ಎಂಬ ರಾಷ್ಟ್ರೀಯ ವ್ಯವಸ್ಥೆಯೂ ಇದೆ. ಅದು ಹೃದಯದ ಸ್ಟೆಂಟಿಗೆ ಮಾತ್ರ ಎಂದುಕೊಳ್ಳಬೇಕಿಲ್ಲ, ಹಲ್ಲಿನ ತಂತಿಗೂ ಸಲ್ಲುತ್ತದೆ.

ಕುರ್ಚಿಗೆ ಕೂರುವ ಮುನ್ನ

ನಾನು ಈಗ ಪರಿಚಯದವರಿಗೆ ಹೇಳುವುದಿಷ್ಟು. ಮಗುವಿಗೆ ಗಿಲೀಟು ಓಲೆ, ವಾಚು, ಪ್ಯಾಂಟಿನ ಗುಂಡಿ ತಾಗಿದಲ್ಲಿ ತುರಿಕೆಯಾಗುವುದಿದ್ದರೆ ಕೇಳದಿದ್ದರೂ ಹೇಳಿ. ತುರಿಕೆ ಜೋರಾಗಿದ್ದರೆ ಕ್ಲಿಪ್ಪಿಗೆ ಮುಂಚೆ ಚರ್ಮವೈದ್ಯರಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಿ. ಬ್ರ್ಯಾಕೆಟ್ ಯಾವ ಲೋಹದ್ದು, ತಂತಿ ಯಾವುದು ಎಂಬ ಎರಡನ್ನೂ ಕೇಳಿ. ಪೊಟ್ಟಣವನ್ನು ನಿಮ್ಮೆದುರೇ ಒಡೆಯುವಂತೆ ಹೇಳಿ, ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಒಳ್ಳೆಯ ವೈದ್ಯರು ಇದಕ್ಕೆ ಮುನಿಯುವುದಿಲ್ಲ. ಹಾಕಿಸಿದ ಮೇಲೆ ಕೋಲಾ, ನಿಂಬೆ ಸೋಡಾಗಳಿಗೆ ರಜೆ ಕೊಡಿ. ಊಟವಾದ ಮೇಲೆ ತಪ್ಪದೆ ಬಾಯಿ ಮುಕ್ಕಳಿಸಿ, ಸಂದಿಯ ಬ್ರಷ್ ಬಳಸಿ. ಕೊಳಕು ಹೋದರೆ ಹುಳಿ ಹೋಯಿತು, ಹುಳಿ ಹೋದರೆ ಸೋರುವುದೂ ತಗ್ಗಿತು.

ಎರಡು ವಾರ ಚೆನ್ನಾಗಿ ಬ್ರಷ್ ಮಾಡಿದರೂ ಉರಿ, ತುಟಿಮೂಲೆಯ ಬಿರುಕು, ಲೋಹದ ರುಚಿ, ಕೈ-ಮುಖದ ತುರಿಕೆ ಉಳಿದರೆ ‘ಅಡ್ಜಸ್ಟ್ ಆಗುತ್ತೆ’ ಎಂದು ಕೂರಬೇಡಿ. ಇಕ್ಕಳ ಹಿಡಿದು ನೀವೇ ತಂತಿ ಕೀಳಲೂ ಹೋಗಬೇಡಿ. ತಂತಿ ಬದಲಿಸುವುದು ವೈದ್ಯರಿಗೆ ಅರ್ಧ ಗಂಟೆಯ ಕೆಲಸ.

ಬಹುಪಾಲು ಮಕ್ಕಳಿಗೆ ಕ್ಲಿಪ್ಪಿನ ಲೋಹದಿಂದ ಅಪಾಯವಿಲ್ಲ. ಕೆಲವರಿಗೆ ಇದೆ, ಆ ಕೆಲವರನ್ನು ಗುರುತಿಸಲು ದೊಡ್ಡ ಯಂತ್ರವೂ ಬೇಡ. ದಂತವೈದ್ಯರ ಹೊಸ ರೋಗಿಯ ಫಾರಮ್ಮಿನಲ್ಲಿ ಬಿಪಿ, ಶುಗರ್, ಪೆನಿಸಿಲಿನ್ ಅಲರ್ಜಿಗೆ ಒಂದೊಂದು ಸಾಲಿದೆ. ಅದರ ಕೆಳಗೆ ಕನ್ನಡದಲ್ಲಿ ಇನ್ನೊಂದು ಸಾಲು ಸೇರಿಸಿದರೆ ಸಾಕು: ‘ಬಂಗಾರವಲ್ಲದ ಓಲೆ ನಿಮಗೆ ಆಗಿಬರುತ್ತದೆಯೇ?’